ಕಾರಿನ ಸಸ್ಪೆನ್ಷನ್ ಸವೆತ

ಕಾರಿನ ಸಸ್ಪೆನ್ಷನ್ ಸವೆತ ಎಂದರೆ, ಚಕ್ರಗಳನ್ನು ಕಾರಿನ ಒಡಲಿಗೆ ಜೋಡಿಸಿ ರಸ್ತೆಯ ಏರುತಗ್ಗುಗಳ ಹೊಡೆತವನ್ನು ತಾಳಿಕೊಳ್ಳುವ ಭಾಗಗಳು ಬಳಕೆಯಿಂದಲೂ ವಯಸ್ಸಿನಿಂದಲೂ ತಮ್ಮ ಮೂಲ ಗುಣವನ್ನು ಕಳೆದುಕೊಳ್ಳುವುದು. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್, ಬಾಲ್ ಜಾಯಿಂಟ್, ರಬ್ಬರ್ ಬುಷ್, ಲಿಂಕ್ ರಾಡ್ ಮುಂತಾದವು ಈ ಗುಂಪಿಗೆ ಸೇರುತ್ತವೆ. ಎಂಜಿನ್ ಎಣ್ಣೆಯನ್ನು ಇಷ್ಟು ಕಿ.ಮೀ.ಗೆ ಬದಲಾಯಿಸಬೇಕೆಂದು ಕಾರಿನ ಕೈಪಿಡಿಯಲ್ಲಿ ನಿಗದಿಯಾಗಿರುತ್ತದೆ. ಸಸ್ಪೆನ್ಷನ್ ಭಾಗಗಳಿಗೆ ಸಾಮಾನ್ಯವಾಗಿ ಅಂತಹ ನಿಗದಿ ಇರುವುದಿಲ್ಲ. ಪರೀಕ್ಷಿಸಿ, ಅಗತ್ಯವಿದ್ದರೆ ಬದಲಾಯಿಸಬೇಕು ಎಂದಷ್ಟೇ ಸೂಚನೆ ಇರುತ್ತದೆ. ಆದ್ದರಿಂದ ಯಾವ ಭಾಗವನ್ನು ಯಾವಾಗ ಬದಲಾಯಿಸಬೇಕು ಎಂಬ ನಿರ್ಧಾರ ಮಾಲೀಕನಿಗೂ ಮೆಕ್ಯಾನಿಕ್‌ಗೂ ಉಳಿಯುತ್ತದೆ. ಹತ್ತು ವರ್ಷ ದಾಟಿದ ಕಾರುಗಳಲ್ಲಿ ಈ ನಿರ್ಧಾರವು ಖರ್ಚಿನ ಪ್ರಶ್ನೆಯಾಗಿರುವಂತೆಯೇ ಸುರಕ್ಷತೆಯ ಪ್ರಶ್ನೆಯೂ ಆಗಿದೆ. ಕೆಲವು ಭಾಗಗಳು ಸವೆದರೆ ಪ್ರಯಾಣದ ಸುಖ ಮಾತ್ರ ಕಡಿಮೆಯಾಗುತ್ತದೆ. ಇನ್ನು ಕೆಲವು ಭಾಗಗಳು ಸವೆದರೆ ಓಡುತ್ತಿರುವಾಗಲೇ ಚಕ್ರ ಕಳಚಿ ಮಡಚಿಕೊಳ್ಳಬಹುದು. ಈ ಎರಡು ಬಗೆಗಳನ್ನು ಬೇರ್ಪಡಿಸಿ ನೋಡುವುದೇ ನಿರ್ಧಾರದ ಮೊದಲ ಹೆಜ್ಜೆ.

ರಚನೆ

ಸಸ್ಪೆನ್ಷನ್ನಿನಲ್ಲಿ ಭಾರ ಹೊರುವ ಕೆಲಸ ಸ್ಪ್ರಿಂಗಿನದು. ಗುಂಡಿಗೆ ಇಳಿದು ಎದ್ದ ಮೇಲೆ ಸ್ಪ್ರಿಂಗ್ ತಾನಾಗಿ ನಿಲ್ಲದೆ ಮೇಲೆ ಕೆಳಗೆ ತೂಗುತ್ತಲೇ ಇರುತ್ತದೆ. ಆ ತೂಗಾಟವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್. ಅದರ ಕೊಳವೆಯೊಳಗಿನ ಪಿಸ್ಟನ್ನು ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ಒತ್ತುವುದರಿಂದ ಚಲನೆಯ ಶಕ್ತಿ ಶಾಖವಾಗಿ ಮಾರ್ಪಟ್ಟು ಹೊರಗಿನ ಗಾಳಿಗೆ ಸೇರುತ್ತದೆ. ಹೆಸರಿನಲ್ಲಿ 'ಶಾಕ್' ಎಂದಿದ್ದರೂ ಹೊಡೆತವನ್ನು ಮೊದಲು ಸ್ವೀಕರಿಸುವುದು ಟೈರು ಮತ್ತು ಸ್ಪ್ರಿಂಗುಗಳೇ. ಕಾರು ಒಂದು ಬದಿಗೆ ವಾಲಿ ನಿಂತಿದ್ದರೆ 'ಶಾಕ್ ಹೋಗಿದೆ' ಎಂದು ಹೇಳುವ ರೂಢಿ ಇದೆ. ವಾಸ್ತವವಾಗಿ ಅದು ಬಹುಪಾಲು ಸ್ಪ್ರಿಂಗಿನ ದೋಷ.

ಚಕ್ರವು ಹಿಂದೆ ಮುಂದೆ ಅಥವಾ ಪಕ್ಕಕ್ಕೆ ಸರಿಯದಂತೆ ಹಿಡಿದಿಡುವುದು ಲೋವರ್ ಆರ್ಮ್ ಮೊದಲಾದ ತೋಳುಗಳು. ಈ ತೋಳುಗಳು ಒಡಲಿಗೆ ಸೇರುವ ಕಡೆ ರಬ್ಬರ್ ಬುಷ್ ಇರುತ್ತದೆ. ಚಕ್ರದ ಕಡೆ ಎಲ್ಲ ದಿಕ್ಕಿಗೂ ತಿರುಗಬಲ್ಲ ಬಾಲ್ ಜಾಯಿಂಟ್ ಇರುತ್ತದೆ. ಮನುಷ್ಯನ ತೊಡೆಯ ಮೂಳೆಯ ಗುಂಡು ಸೊಂಟದ ಕುಳಿಯಲ್ಲಿ ಕೂರುವ ಬಗೆಯನ್ನು ಬಾಲ್ ಜಾಯಿಂಟಿಗೆ ಹೋಲಿಸಬಹುದು. ಟೈ ರಾಡ್ ಎಂಡ್ ಎಂಬ ಕೀಲು ನಿಜಕ್ಕೆ ಸ್ಟೇರಿಂಗ್ ವ್ಯವಸ್ಥೆಗೆ ಸೇರಿದ್ದು. ಆದರೂ ಅದರ ಸವೆತದ ಲಕ್ಷಣಗಳು ಇವುಗಳೊಂದಿಗೆ ಬೆರೆತುಹೋಗುವುದರಿಂದ ಪರೀಕ್ಷೆಯನ್ನು ಒಟ್ಟಿಗೆ ಮಾಡುತ್ತಾರೆ.

ಭಾರತದ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಹಿಂದೂಸ್ತಾನ್ ಅಂಬಾಸಿಡರ್ ಕಾರಿನ ಮುಂಭಾಗದಲ್ಲಿ ತಿರುಚಿಕೊಂಡು ಭಾರ ಹೊರುವ ಟಾರ್ಷನ್ ಬಾರ್ ಎಂಬ ಉಕ್ಕಿನ ಸರಳೂ, ಹಿಂಭಾಗದಲ್ಲಿ ಲೀಫ್ ಸ್ಪ್ರಿಂಗ್ ಎಂಬ ಉಕ್ಕಿನ ಪಟ್ಟಿಗಳ ಕಟ್ಟೂ ಇದ್ದವು. ಪ್ರೀಮಿಯರ್ ಪದ್ಮಿನಿಯ ಹಿಂಭಾಗದಲ್ಲಿಯೂ ಪಟ್ಟಿಗಳೇ ಇದ್ದವು. 1983ರಲ್ಲಿ ಬಂದ ಮಾರುತಿ 800 ಕಾರಿನ ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ಇತ್ತು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ರಚನೆಯಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ಸೇರಿರುತ್ತವೆ. ಜಾಗವೂ ಖರ್ಚೂ ಕಡಿಮೆಯಾದ ಕಾರಣ ನಂತರ ಬಂದ ಆಲ್ಟೊ, ಸ್ಯಾಂಟ್ರೊ, ಇಂಡಿಕಾ ಮೊದಲಾದ ಸಣ್ಣ ಕಾರುಗಳ ಮುಂಭಾಗದಲ್ಲಿ ಇದೇ ರಚನೆ ನೆಲೆಗೊಂಡಿತು. ಇಂದು 'ಹಳೆಯ ಕಾರು' ಎಂದು ಗ್ಯಾರೇಜಿಗೆ ಬರುವವುಗಳಲ್ಲಿ ಹೆಚ್ಚಿನವು ಈ ಬಗೆಯವೇ ಆದ್ದರಿಂದ ಈ ಲೇಖನದ ವಿವರಗಳು ಮುಖ್ಯವಾಗಿ ಅವುಗಳಿಗೆ ಅನ್ವಯಿಸುತ್ತವೆ.

ಸವೆತದ ಕಾರಣಗಳು

ಓಡಿದ ದೂರ ಒಂದು ಕಾರಣ ಮಾತ್ರ. ಕಾರಿನ ಒಡಲು ತನ್ನ ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಸುಮಾರು 1ರಿಂದ 1.5 ಬಾರಿ ತೂಗುವ ಸ್ವಭಾವದ್ದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಕಿ.ಮೀ. ಸಾಗಲು ಒಂದು ನಿಮಿಷ ಬೇಕು. ಅಂದರೆ ಒರಟು ರಸ್ತೆಯಲ್ಲಿ ಪ್ರತಿ ಕಿ.ಮೀ.ಗೆ 60ರಿಂದ 90 ದೊಡ್ಡ ತೂಗಾಟಗಳನ್ನು ಶಾಕ್ ಅಬ್ಸಾರ್ಬರ್ ಅಡಗಿಸಬೇಕಾಗಬಹುದು; ಚಕ್ರಗಳ ಸಣ್ಣ ಕುಣಿತ ಇದಕ್ಕೆ ಹೊರತು. ನುಣುಪಾದ ಹೆದ್ದಾರಿಯಲ್ಲಿ ಲಕ್ಷ ಕಿ.ಮೀ. ಓಡಿದ ಕಾರಿಗಿಂತ ಹಳ್ಳಿಯ ಕಚ್ಚಾ ರಸ್ತೆಯಲ್ಲಿ ಮೂವತ್ತು ಸಾವಿರ ಓಡಿದ ಕಾರು ಹೆಚ್ಚು ದಣಿದಿರುವುದು ಹೀಗೆ.

ರಸ್ತೆ ಉಬ್ಬುಗಳದ್ದು ಬೇರೆಯೇ ವಿಷಯ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ತಕ್ಕ ಉಬ್ಬಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಮತ್ತು 17 ಮೀಟರ್ ತ್ರಿಜ್ಯದ ಬಾಗನ್ನು ಸೂಚಿಸಿದೆ. ಊರೊಳಗಿನ ಬೀದಿಗಳಲ್ಲಿ ಸ್ಥಳೀಯರೇ ಹಾಕಿಸಿದ ಉಬ್ಬುಗಳಿಗೆ ಈ ಅಳತೆಯ ಗೊಡವೆ ಇರುವುದಿಲ್ಲ. ಅಗಲ ಕಿರಿದಾಗಿ ಎತ್ತರ ಹೆಚ್ಚಿದಷ್ಟೂ ಹೊಡೆತ ನೇರವಾಗಿ ಬುಷ್ ಮತ್ತು ಕೀಲುಗಳಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ನೀರು ತುಂಬಿ ಆಳ ಕಾಣದ ಗುಂಡಿಗಳೂ ಇದೇ ಕೆಲಸ ಮಾಡುತ್ತವೆ. ಶಿರಾಡಿ, ಚಾರ್ಮಾಡಿಯಂತಹ ಘಾಟಿಗಳಲ್ಲಿ ಹೊಡೆತದ ಜೊತೆಗೆ ತಿರುವಿನ ಒತ್ತಡವೂ ಇಳಿಜಾರಿನಲ್ಲಿ ಬ್ರೇಕಿನ ಒತ್ತಡವೂ ಸೇರುವುದರಿಂದ ಮುಂಭಾಗದ ಲೋವರ್ ಆರ್ಮ್ ಬುಷ್‌ಗಳಿಗೆ ಹೆಚ್ಚಿನ ಶ್ರಮವಾಗುತ್ತದೆ.

ವಯಸ್ಸು ಎರಡನೆಯ ಕಾರಣ. ರಬ್ಬರು ಬಳಸದೆ ಇದ್ದರೂ ಗಾಳಿ, ಬಿಸಿಲು, ಶಾಖಗಳಿಂದ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಎಂಜಿನ್ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಊದಿಕೊಂಡು ಮೆತ್ತಗಾಗುತ್ತದೆ. ವಾರಕ್ಕೊಮ್ಮೆ ಮಾರುಕಟ್ಟೆಗೆ ಮಾತ್ರ ಹೋಗಿ ಬರುವ ಹಿರಿಯರ ಕಾರುಗಳ ಮೀಟರಿನಲ್ಲಿ ಅಂಕಿ ಕಡಿಮೆ ಇರುತ್ತದೆ. ಅಷ್ಟರಿಂದಲೇ ಅವುಗಳ ಬುಷ್ ಚೆನ್ನಾಗಿದೆ ಎಂದು ತಿಳಿಯುವಂತಿಲ್ಲ. ಮೂರನೆಯದು ತುಕ್ಕು. ಮಂಗಳೂರು, ಉಡುಪಿ, ಕಾರವಾರದಂತಹ ಕಡಲತೀರದ ಊರುಗಳಲ್ಲಿ ಉಪ್ಪು ಬೆರೆತ ತೇವದ ಗಾಳಿಯಿಂದ ಸ್ಪ್ರಿಂಗಿನ ಕೆಳಸುರುಳಿ, ಆರ್ಮಿನ ಬೆಸುಗೆ, ಬೋಲ್ಟುಗಳು ಬೇಗ ತುಕ್ಕು ಹಿಡಿಯುತ್ತವೆ. ಅಲ್ಲಿ ಬುಷ್ ಬದಲಾಯಿಸುವ ಕೆಲಸಕ್ಕಿಂತ ತುಕ್ಕು ಹಿಡಿದ ಬೋಲ್ಟ್ ಬಿಚ್ಚುವ ಕೆಲಸವೇ ಹೆಚ್ಚು ಹೊತ್ತು ಹಿಡಿಯುವುದುಂಟು.

ತಡೆಯಬಹುದಾದ ಕಾರಣವೊಂದಿದೆ. ಶಾಕ್ ಅಬ್ಸಾರ್ಬರಿನ ಹೊಳೆಯುವ ಸರಳನ್ನು ಮುಚ್ಚುವ ರಬ್ಬರ್ ಕವಚ ಹರಿದರೆ ಧೂಳು ಸರಳಿಗೆ ಅಂಟುತ್ತದೆ. ಸರಳು ಒಳಗೆ ಹೊರಗೆ ಆಡುವಾಗ ಆ ಧೂಳು ಎಣ್ಣೆಯ ಸೀಲನ್ನು ಉಜ್ಜಿ ಹಾಳುಮಾಡುತ್ತದೆ. ಬಾಲ್ ಜಾಯಿಂಟಿನ ಕವಚ ಹರಿದರೆ ಒಳಗಿನ ಗ್ರೀಸ್ ತೊಳೆದುಹೋಗಿ ನೀರು ಮತ್ತು ಮಣ್ಣು ಸೇರುತ್ತವೆ. ಎರಡೂ ಕಡೆ ಬೆಲೆಬಾಳುವ ಭಾಗ ಕೆಡುವುದು ಸಣ್ಣ ರಬ್ಬರ್ ತುಂಡಿನಿಂದ.

ನಿಧಾನ ಸವೆತ

ಶಾಕ್ ಅಬ್ಸಾರ್ಬರ್ ಮತ್ತು ಬುಷ್‌ಗಳು ಸಾಮಾನ್ಯವಾಗಿ ನಿಧಾನವಾಗಿ ಸವೆಯುತ್ತವೆ. ನಿಧಾನವಾಗಿರುವುದೇ ಇಲ್ಲಿನ ತೊಡಕು. ದಿನವೂ ಅದೇ ಕಾರನ್ನು ನಡೆಸುವವರು ತಿಳಿಯದೆಯೇ ಅದರ ದೌರ್ಬಲ್ಯಕ್ಕೆ ಹೊಂದಿಕೊಂಡು, ತಿರುವಿಗೆ ಮೊದಲೇ ವೇಗ ತಗ್ಗಿಸುತ್ತಾರೆ, ಸ್ಟೇರಿಂಗನ್ನು ಸದಾ ತುಸು ತಿದ್ದುತ್ತಿರುತ್ತಾರೆ. 'ನಮ್ಮ ಕಾರಿಗೆ ಏನೂ ಆಗಿಲ್ಲ' ಎಂಬ ಅವರ ಮಾತು ಪ್ರಾಮಾಣಿಕವೇ ಆದರೂ ಪ್ರಮಾಣವಲ್ಲ. ಆ ಕಾರನ್ನು ಹಿಂದೆ ನಡೆಸದ, ಅನುಭವವುಳ್ಳ ಬೇರೊಬ್ಬರು ಐದು ಕಿ.ಮೀ. ನಡೆಸಿದರೆ ದೋಷ ಬೇಗ ಗೊತ್ತಾಗುತ್ತದೆ.

ದುರ್ಬಲವಾದ ಶಾಕ್ ಅಬ್ಸಾರ್ಬರಿನ ಅಪಾಯ ಕುಲುಕಾಟದಲ್ಲಿಲ್ಲ. ಟೈರು ನೆಲವನ್ನು ಒತ್ತಿ ಹಿಡಿದಿದ್ದರೆ ಮಾತ್ರ ಬ್ರೇಕು ಮತ್ತು ಸ್ಟೇರಿಂಗ್ ಕೆಲಸ ಮಾಡುತ್ತವೆ. ಒರಟು ರಸ್ತೆಯಲ್ಲಿ ಚಕ್ರ ಸೆಕೆಂಡಿಗೆ ಹತ್ತು ಹದಿನೈದು ಬಾರಿ ಕುಣಿಯಬಲ್ಲದು. ಆ ಕುಣಿತ ಅಡಗದಿದ್ದರೆ ಟೈರು ಕ್ಷಣಕ್ಷಣಕ್ಕೂ ನೆಲ ಬಿಟ್ಟು ಹಾರುತ್ತದೆ ಅಥವಾ ಹಗುರಾಗುತ್ತದೆ. ಆಗ ಬ್ರೇಕ್ ಒತ್ತಿದರೆ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಎಬಿಎಸ್ ಇರುವ ಕಾರಿನಲ್ಲಿಯೂ ಇದರಿಂದ ಪಾರಾಗಲು ಸಾಧ್ಯವಿಲ್ಲ. ನೆಲಕ್ಕೆ ತಾಗದ ಟೈರಿನಿಂದ ಯಾವ ಉಪಕರಣವೂ ಹಿಡಿತವನ್ನು ಪಡೆಯಲಾರದು. ಖಾಲಿ ಕಾರಿನಲ್ಲಿ ಒಬ್ಬರೇ ನಿಧಾನವಾಗಿ ಹೋಗುವಾಗ ಇದು ಕಾಣಿಸುವುದಿಲ್ಲ. ಐವರು ಕುಳಿತು, ಸಾಮಾನು ತುಂಬಿ, ಮಳೆಯಲ್ಲಿ ಹೆದ್ದಾರಿಗೆ ಇಳಿದ ದಿನ ಕಾಣಿಸುತ್ತದೆ.

ಶಾಕ್ ಅಬ್ಸಾರ್ಬರಿನ ಮೈಮೇಲೆ ತೆಳ್ಳಗೆ ಎಣ್ಣೆಯ ಪಸೆ ಕಂಡರೆ ಅದು ದೋಷವಲ್ಲ. ಸೀಲನ್ನು ತೇವವಾಗಿಡಲು ಸ್ವಲ್ಪ ಎಣ್ಣೆ ಸರಳಿನ ಜೊತೆ ಹೊರಬಂದು ಧೂಳಿನೊಂದಿಗೆ ಸೇರಿ ಕಪ್ಪಾಗಿರುತ್ತದೆ. ಕೊಳವೆಯ ಉದ್ದಕ್ಕೂ ಎಣ್ಣೆ ಹರಿದು ಒದ್ದೆಯಾಗಿದ್ದರೆ, ಒರೆಸಿದ ಮೇಲೆ ಕೆಲವೇ ದಿನಗಳಲ್ಲಿ ಮತ್ತೆ ಒದ್ದೆಯಾದರೆ, ಅದು ಸೋರಿಕೆ. ಸೋರುವ ಶಾಕ್ ಅಬ್ಸಾರ್ಬರಿನ ಬಗ್ಗೆ ಚರ್ಚೆ ಬೇಕಿಲ್ಲ, ಬದಲಾಯಿಸಬೇಕು. ಸೋರದೆ ಇರುವುದು ಮಾತ್ರ ಆರೋಗ್ಯದ ಗುರುತಲ್ಲ. ಒಳಗಿನ ಕವಾಟಗಳು ಸವೆದು ಹೊರಗೆ ಒಣಗಿಯೇ ಕಾಣುವ ಶಾಕ್ ಅಬ್ಸಾರ್ಬರುಗಳೂ ಇವೆ. ಸುಮಾರು 80,000 ಕಿ.ಮೀ.ಗೆ ಬದಲಾಯಿಸಿ ಎಂಬ ಸಲಹೆಯನ್ನು ಬಿಡಿಭಾಗಗಳ ತಯಾರಕರು ಕೊಡುವುದುಂಟು. ಮಾರುವವರ ಸಲಹೆಯಾದ್ದರಿಂದ ಅದನ್ನು ಗಡುವೆಂದು ಭಾವಿಸದೆ, ಎಚ್ಚರಿಕೆಯಿಂದ ಪರೀಕ್ಷಿಸಲು ತೊಡಗಬೇಕಾದ ಮೈಲಿಗಲ್ಲೆಂದು ಭಾವಿಸುವುದು ಸರಿ.

ಬುಷ್ ಸವೆದಾಗ ಮೊದಲು ಕೇಳುವುದು ಸದ್ದು: ಉಬ್ಬು ಇಳಿಯುವಾಗ 'ಟಕ್' ಎಂಬ ಒಂದು ಮೊಂಡು ಬಡಿತ. ಅನಂತರ ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೂ ಆಕ್ಸಿಲರೇಟರ್ ತುಳಿದಾಗ ಇನ್ನೊಂದು ಕಡೆಗೂ ಎಳೆಯತೊಡಗುತ್ತದೆ. ಹರಿದ ರಬ್ಬರಿನ ಸಡಿಲದಲ್ಲಿ ಲೋವರ್ ಆರ್ಮ್ ಹಿಂದೆ ಮುಂದೆ ಸರಿದು ಚಕ್ರದ ಕೋನವೇ ಬದಲಾಗುವುದು ಇದಕ್ಕೆ ಕಾರಣ. ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕುಗಳಿದ್ದರೆ ಕಾಯಬಹುದು. ರಬ್ಬರು ಲೋಹದಿಂದ ಬಿಟ್ಟುಕೊಂಡಿದ್ದರೆ, ಅಥವಾ ಬಿರುಕಿನಲ್ಲಿ ಸ್ಕ್ರೂಡ್ರೈವರಿನ ತುದಿ ಆಳವಾಗಿ ಇಳಿದರೆ ಕಾಯಬಾರದು.

ಹಠಾತ್ ಮುರಿತ

ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಮತ್ತು ಸ್ಪ್ರಿಂಗುಗಳು ಬೇರೆ ವರ್ಗದವು. ಇವೂ ನಿಧಾನವಾಗಿಯೇ ಸವೆಯುತ್ತವೆ, ಆದರೆ ಕೊನೆ ಮಾತ್ರ ಹಠಾತ್ತಾಗಿ ಬರುತ್ತದೆ. ಬಾಲ್ ಜಾಯಿಂಟಿನ ಗುಂಡು ಕುಳಿಯಿಂದ ಹೊರಬಿದ್ದರೆ ಚಕ್ರದ ಕೆಳಭಾಗ ಹೊರಕ್ಕೆ ಮಡಚಿಕೊಂಡು ಕಾರಿನ ಆ ಮೂಲೆ ನೆಲಕ್ಕೆ ಕೂರುತ್ತದೆ. ಟೈ ರಾಡ್ ಎಂಡ್ ಕಳಚಿದರೆ ಆ ಚಕ್ರ ಸ್ಟೇರಿಂಗಿನ ಮಾತು ಕೇಳುವುದಿಲ್ಲ. ಸ್ಪ್ರಿಂಗ್ ಹೆಚ್ಚಾಗಿ ಕೆಳಗಿನ ಸುರುಳಿಯಲ್ಲಿ, ಮಣ್ಣು ನೀರು ನಿಂತು ತುಕ್ಕು ಹಿಡಿದ ಕಡೆ, ಮುರಿಯುತ್ತದೆ. ಮುರಿದ ತುದಿ ಟೈರಿಗೆ ತಾಗಿ ಅದನ್ನು ಸೀಳುವ ಸಂಭವವಿದೆ. ಕಾರು ನಿಂತಲ್ಲೇ 'ಟಣ್' ಎಂಬ ಸದ್ದಿನೊಂದಿಗೆ ಸ್ಪ್ರಿಂಗ್ ಮುರಿಯುವುದೂ ಉಂಟು. ಆ ಸದ್ದನ್ನು ಕೇಳದ ಮಾಲೀಕರು ತಿಂಗಳುಗಟ್ಟಲೆ ಹಾಗೆಯೇ ಓಡಿಸಿರುತ್ತಾರೆ.

ಈ ವರ್ಗದ ಭಾಗಗಳ ವಿಷಯದಲ್ಲಿ 'ಇನ್ನೂ ಸ್ವಲ್ಪ ದಿನ ನೋಡೋಣ' ಎಂಬ ಮಾತಿಗೆ ಆಸ್ಪದವಿಲ್ಲ. ಮೆಕ್ಯಾನಿಕ್‌ಗಳು 'ಪ್ಲೇ' ಎಂದು ಕರೆಯುವ ಸಡಿಲ ಕೈಗೆ ಸ್ಪಷ್ಟವಾಗಿ ಸಿಕ್ಕರೆ ಭಾಗವನ್ನು ಬದಲಾಯಿಸಬೇಕು. ಅಲುಗಾಟ ಇನ್ನೂ ಬಂದಿರದೆ ಕವಚ ಮಾತ್ರ ಹರಿದಿದ್ದರೆ, ಅದು ಹತ್ತಿರದಲ್ಲೇ ಬದಲಾಯಿಸಬೇಕಾಗುತ್ತದೆ ಎಂಬ ಸೂಚನೆ.

ಪರೀಕ್ಷೆ

ಬಹಳ ಪರಿಚಿತವಾದದ್ದು ಒತ್ತಿ ಬಿಡುವ ಪರೀಕ್ಷೆ. ಕಾರಿನ ಒಂದು ಮೂಲೆಯನ್ನು ಬಲವಾಗಿ ಕೆಳಗೆ ಒತ್ತಿ ಬಿಟ್ಟರೆ ಅದು ಮೇಲೆದ್ದು ಒಮ್ಮೆ ಇಳಿದು ನಿಲ್ಲಬೇಕು. ಮತ್ತೆ ಮತ್ತೆ ತೂಗಿದರೆ ಶಾಕ್ ಅಬ್ಸಾರ್ಬರ್ ಹೋಗಿದೆ ಎಂದರ್ಥ. ಪೂರ್ತಿ ಕೆಟ್ಟದ್ದನ್ನು ಇದು ಹಿಡಿಯುತ್ತದೆ, ಅರ್ಧ ಕೆಟ್ಟದ್ದನ್ನು ಹಿಡಿಯುವುದಿಲ್ಲ. ಕೈಯಿಂದ ಒತ್ತುವ ವೇಗ ಗುಂಡಿಯ ಹೊಡೆತದ ವೇಗಕ್ಕೆ ಸಮನಲ್ಲ. ಕೀಲು ಬುಷ್‌ಗಳ ಘರ್ಷಣೆಯೂ ಕಾರನ್ನು ನಿಲ್ಲಿಸಲು ನೆರವಾಗುತ್ತದೆ. ಆದ್ದರಿಂದ ಈ ಪರೀಕ್ಷೆಯಲ್ಲಿ ಗೆದ್ದ ಮಾತ್ರಕ್ಕೆ ಶಾಕ್ ಅಬ್ಸಾರ್ಬರ್ ಸರಿಯಾಗಿದೆ ಎನ್ನಲಾಗದು.

ಯುರೋಪಿನ ಶಾಕ್ ಅಬ್ಸಾರ್ಬರ್ ತಯಾರಕರ ಸಂಘ ರೂಪಿಸಿದ, ಅದರ ಹೆಸರಿನಿಂದಲೇ ಯೂಸಾಮಾ ಎಂದು ಕರೆಯಲಾಗುವ ವಿಧಾನದಲ್ಲಿ ಚಕ್ರವನ್ನು ಒಂದು ಹಲಗೆಯ ಮೇಲೆ ನಿಲ್ಲಿಸಿ ಸೆಕೆಂಡಿಗೆ 25 ಬಾರಿ ನಡುಗಿಸುತ್ತಾರೆ. ನಡುಕ ಇಳಿಯುತ್ತಾ ಬರುವಾಗ ಟೈರು ಹಲಗೆಯನ್ನು ಅತಿ ಕಡಿಮೆ ಒತ್ತಿದ ಕ್ಷಣದ ಬಲವನ್ನು, ನಿಂತ ಕಾರಿನ ಭಾರದ ಶೇಕಡಾವಾರಿನಲ್ಲಿ ತೋರಿಸುತ್ತದೆ. ಶೇ. 20ಕ್ಕಿಂತ ಕಡಿಮೆ ಬಂದರೆ ಹಿಡಿತ ತೀರ ದುರ್ಬಲ ಎಂದು ಎಣಿಸುತ್ತಾರೆ. ಹಗುರವಾದ ಸಣ್ಣ ಕಾರುಗಳ ಹಿಂಚಕ್ರಗಳಲ್ಲಿ ಭಾಗ ಹೊಸದಿದ್ದರೂ ಅಂಕಿ ಕಡಿಮೆ ಬರಬಹುದು. ಟೈರಿನ ಗಾಳಿಯೂ ಅಂಕಿಯನ್ನು ಏರುಪೇರು ಮಾಡುತ್ತದೆ. ಹಾಗಾಗಿ ಒಂದೇ ಆಕ್ಸಲಿನ ಎಡ ಬಲಗಳ ನಡುವಿನ ವ್ಯತ್ಯಾಸಕ್ಕೆ ಹೆಚ್ಚಿನ ಬೆಲೆ.

ಕೀಲುಗಳ ಸಡಿಲ ನೋಡಲು ಕಾರನ್ನು ಎತ್ತಬೇಕು. ಎತ್ತಿದ ಕಾರಿಗೆ ಗಟ್ಟಿಯಾದ ಸ್ಟ್ಯಾಂಡ್ ಕೊಡದೆ ಬರೀ ಜಾಕಿನ ನಂಬಿಕೆಯ ಮೇಲೆ ಅಡಿಗೆ ಹೋಗಬಾರದು. ಚಕ್ರದ ಮೇಲೆ ಕೆಳಗೆ ಕೈಯಿಟ್ಟು ಅಲುಗಿಸಿದಾಗ ಸಡಿಲ ಕಂಡರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್ ಸವೆದಿದೆ. ಯಾವುದೆಂದು ತಿಳಿಯಲು ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು. ಅಲುಗಾಟ ನಿಂತರೆ ಬೇರಿಂಗ್, ಮುಂದುವರಿದರೆ ಕೀಲು. ಎಡ ಬಲಕ್ಕೆ ಕೈಯಿಟ್ಟು ಅಲುಗಿಸಿದಾಗ ಸಡಿಲವಿದ್ದರೆ ಟೈ ರಾಡ್ ಎಂಡ್ ಮೇಲೆ ಸಂಶಯ. ಎತ್ತುವ ಸ್ಥಳವೂ ಮುಖ್ಯ. ಮ್ಯಾಕ್‌ಫರ್ಸನ್ ರಚನೆಯಲ್ಲಿ ಕಾರಿನ ಭಾರ ಸ್ಟ್ರಟ್ ಮೂಲಕ ಇಳಿಯುವುದರಿಂದ ಒಡಲನ್ನು ಎತ್ತಿ ಚಕ್ರವನ್ನು ನೇತಾಡಲು ಬಿಟ್ಟು ಬಾಲ್ ಜಾಯಿಂಟನ್ನು ನೋಡಬೇಕು. ಸ್ಪ್ರಿಂಗ್ ಲೋವರ್ ಆರ್ಮಿನ ಮೇಲೆ ಕೂರುವ ಡಬಲ್ ವಿಶ್‌ಬೋನ್ ರಚನೆಯಲ್ಲಿ ಹಾಗೆ ನೇತಾಡಿಸಿದರೆ ಸ್ಪ್ರಿಂಗಿನ ಒತ್ತಡ ಕೀಲನ್ನು ಬಿಗಿದು ಸಡಿಲ ಅಡಗಿಹೋಗುತ್ತದೆ. ಅಲ್ಲಿ ಜಾಕನ್ನು ಆರ್ಮಿನ ಅಡಿಗೇ ಕೊಡಬೇಕು.

ಸ್ಪ್ರಿಂಗ್ ಕುಗ್ಗಿದೆಯೇ ಎಂದು ನೋಡಲು ಅಳತೆಯ ಟೇಪ್ ಸಾಕು. ಸಮತಟ್ಟಾದ ನೆಲದಲ್ಲಿ ಕಾರನ್ನು ಖಾಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಎಡ ಬಲಗಳನ್ನು ಹೋಲಿಸಬೇಕು. ಚಕ್ರದ ನಡುವಿನಿಂದ ಅಳೆಯುವುದರಿಂದ ಟೈರಿನ ಸವೆತ, ಗಾಳಿಗಳ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ.

ಟೈರಿನ ಮೇಲ್ಮೈ ಸಹ ಒಳ್ಳೆಯ ಸಾಕ್ಷಿ. ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ತಗ್ಗುಗಳಾಗಿ ಸವೆದಿದ್ದರೆ ಚಕ್ರ ಕುಣಿಯುತ್ತಿದೆ, ಶಾಕ್ ಅಬ್ಸಾರ್ಬರ್ ದುರ್ಬಲ. ಒಳ ಅಂಚು ಮಾತ್ರ ಸವೆದಿದ್ದರೆ ಚಕ್ರದ ಕೋನ ತಪ್ಪಿದೆ. ಅಲೈನ್‌ಮೆಂಟ್ ಮಾಡಿಸಿದ ಮೇಲೂ ಅದೇ ಸವೆತ ಮರಳಿ ಬಂದರೆ ಬುಷ್ ಅಥವಾ ಕೀಲು ಸಡಿಲವಾಗಿದೆ ಎಂದು ಊಹಿಸಬಹುದು. ಸಡಿಲವಾದ ಕಾರಿಗೆ ವರ್ಷಕ್ಕೆ ಮೂರು ಬಾರಿ ಅಲೈನ್‌ಮೆಂಟ್ ಮಾಡಿಸುವುದು ದುಡ್ಡು ಕೊಟ್ಟು ಟೈರು ತೇಯಿಸಿಕೊಂಡಂತೆ.

ತಪ್ಪು ರೋಗನಿರ್ಣಯ

ಸಸ್ಪೆನ್ಷನ್ನಿನ ಮೇಲೆ ಹೊರಿಸುವ ದೋಷಗಳಲ್ಲಿ ಎಷ್ಟೋ ಬೇರೆ ಕಡೆಯವು. ಗಂಟೆಗೆ 80–100 ಕಿ.ಮೀ. ವೇಗದಲ್ಲಿ ಮಾತ್ರ ಸ್ಟೇರಿಂಗ್ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ನೋಡಬೇಕು. ಸಣ್ಣ ಕಲ್ಲಿನ ರಸ್ತೆಯಲ್ಲಿ 'ಕಟಕಟ' ಸದ್ದು ಬಂದರೆ ಹೆಚ್ಚಾಗಿ ಅದು ಲಿಂಕ್ ರಾಡಿನದು. ಗುಂಪಿನಲ್ಲಿ ಅಗ್ಗದ, ಬೇಗ ಸವೆಯುವ ಭಾಗವಿದು. ಇದನ್ನು ನೋಡದೆ ದುಬಾರಿಯ ಸ್ಟ್ರಟ್ ಜೋಡಿಯನ್ನೇ ಬದಲಾಯಿಸಿ, ಸದ್ದು ಹಾಗೆಯೇ ಉಳಿದ ಪ್ರಸಂಗಗಳು ಗ್ಯಾರೇಜುಗಳಲ್ಲಿ ಅಪರೂಪವಲ್ಲ. ಸ್ಟೇರಿಂಗ್ ತಿರುಗಿಸುವಾಗ ಸ್ಪ್ರಿಂಗ್ 'ಟೊಂಯ್' ಎಂದು ಸಿಡಿದು ತಿರುಗಿದರೆ ಸ್ಟ್ರಟ್ಟಿನ ಮೇಲ್ತುದಿಯ ಮೌಂಟ್ ಬಿಗಿದುಕೊಂಡಿದೆ. ಕಾರು ಒರಟಾಗಿದೆ ಎನ್ನಿಸಿದಾಗ ಟೈರಿಗೆ ಗಾಳಿ ಹೆಚ್ಚಾಗಿದೆಯೇ ಎಂದು ನೋಡಲು ಖರ್ಚೇ ಇಲ್ಲ.

ಬದಲಾಯಿಸುವ ನಿರ್ಧಾರ

ಹಠಾತ್ ಮುರಿಯುವ ಭಾಗಗಳಿಗೆ ಕಾರಿನ ಬೆಲೆಯ ಲೆಕ್ಕ ಅನ್ವಯಿಸುವುದಿಲ್ಲ. ಕಾರನ್ನು ರಸ್ತೆಗೆ ತರುವುದಾದರೆ ಅವು ಸರಿಯಿರಲೇಬೇಕು. ಮುಂದಿನ ತಿಂಗಳು ಮಾರುವ ಕಾರೆಂದು ಸಡಿಲವಾದ ಬಾಲ್ ಜಾಯಿಂಟನ್ನು ಹಾಗೆಯೇ ಬಿಡುವುದು ಅಪಾಯವನ್ನು ಕೊಳ್ಳುವವರ ಮನೆಗೆ ಕಳುಹಿಸಿದಂತೆ.

ನಿಧಾನ ಸವೆತದ ಭಾಗಗಳಲ್ಲಿ ಮಾತ್ರ ಲೆಕ್ಕಾಚಾರಕ್ಕೆ ಎಡೆಯಿದೆ. ರಿಪೇರಿಯ ಖರ್ಚನ್ನು ಕಾರಿನ ಮಾರುಕಟ್ಟೆ ಬೆಲೆಗೆ ಹೋಲಿಸಿ 'ಇಷ್ಟು ಹಳೆಯ ಕಾರಿಗೆ ಅಷ್ಟು ದುಡ್ಡೇ' ಎಂದು ಕೈಬಿಡುವುದು ಸಾಮಾನ್ಯ. ಹೋಲಿಸಬೇಕಾದದ್ದು ಆ ಕಾರನ್ನು ಇನ್ನೆಷ್ಟು ವರ್ಷ ಇಟ್ಟುಕೊಳ್ಳುವ ಯೋಚನೆಯಿದೆ ಎಂಬುದಕ್ಕೆ. ಎಂಜಿನ್ ಮತ್ತು ಒಡಲು ಗಟ್ಟಿಯಾಗಿದ್ದು ಇನ್ನೂ ನಾಲ್ಕೈದು ವರ್ಷ ಓಡಿಸುವುದಾದರೆ ಸಸ್ಪೆನ್ಷನ್ನಿಗೆ ಮಾಡಿದ ಖರ್ಚು ವರ್ಷಕ್ಕೆ ಹಂಚಿದಾಗ ಸಣ್ಣದಾಗುತ್ತದೆ. ಉಳಿಯುವ ಟೈರುಗಳ ಬೆಲೆಯನ್ನೂ ಅದರಿಂದ ಕಳೆಯಬಹುದು. ಸ್ಟ್ರಟ್ ಕೂರುವ ಒಡಲಿನ ತಗಡಿಗೇ ತುಕ್ಕು ಹಿಡಿದು ತೂತು ಬಿದ್ದಿದ್ದರೆ ಹೊಸ ಶಾಕ್ ಅಬ್ಸಾರ್ಬರ್ ಹಾಕಿ ಪ್ರಯೋಜನವಿಲ್ಲ.

ಕೂಲಿಯ ಲೆಕ್ಕ ಇನ್ನೊಂದು. ಸ್ಟ್ರಟ್ ಬಿಚ್ಚಿದ ಮೇಲೆ ಮೇಲಿನ ಮೌಂಟ್, ಬಂಪ್ ಸ್ಟಾಪ್, ಧೂಳಿನ ಕವಚಗಳು ಕೈಗೇ ಸಿಗುತ್ತವೆ. ಅವನ್ನು ಹಳೆಯದೇ ಉಳಿಸಿ ಮುಚ್ಚಿದರೆ ಆರು ತಿಂಗಳಲ್ಲಿ ಅದೇ ಕೂಲಿಯನ್ನು ಮತ್ತೆ ಕೊಡಬೇಕಾದೀತು. ಅನೇಕ ಸಣ್ಣ ಕಾರುಗಳಲ್ಲಿ ಬಾಲ್ ಜಾಯಿಂಟ್ ಮತ್ತು ಬುಷ್‌ಗಳೊಂದಿಗೆ ಲೋವರ್ ಆರ್ಮ್ ಇಡಿಯಾಗಿಯೇ ಸಿಗುತ್ತದೆ. ಬುಷ್ ಒಂದನ್ನೇ ಒತ್ತಿ ಕೂರಿಸುವ ಕೂಲಿಗೂ ಇಡೀ ಆರ್ಮಿನ ಬೆಲೆಗೂ ಇರುವ ಅಂತರ ಕಡಿಮೆಯಾದರೆ ಇಡೀ ಆರ್ಮ್ ಹಾಕುವುದೇ ಲೇಸು.

ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗುಗಳನ್ನು ಒಂದೇ ಆಕ್ಸಲಿನಲ್ಲಿ ಜೋಡಿಯಾಗಿ ಬದಲಾಯಿಸುತ್ತಾರೆ. ಒಂದು ಬದಿ ಹೊಸದು, ಇನ್ನೊಂದು ಬದಿ ಹಳೆಯದು ಆದರೆ ಬ್ರೇಕ್ ಒತ್ತಿದಾಗ ಮತ್ತು ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ರೀತಿ ವರ್ತಿಸುತ್ತವೆ. ಬಾಲ್ ಜಾಯಿಂಟ್, ಲಿಂಕ್ ರಾಡುಗಳಿಗೆ ಈ ಕಟ್ಟುಪಾಡಿಲ್ಲ. ಆದರೂ ಒಂದೇ ರಸ್ತೆಯಲ್ಲಿ ಒಂದೇ ವಯಸ್ಸು ಕಳೆದ ಜೋಡಿಯ ಇನ್ನೊಂದನ್ನು ಪರೀಕ್ಷಿಸದೆ ಬಿಡಬಾರದು. ನಾಲ್ಕೂ ಮೂಲೆಗಳನ್ನು ಒಟ್ಟಿಗೆ ಬದಲಾಯಿಸಲೇಬೇಕು ಎಂಬ ಒತ್ತಾಯಕ್ಕೆ ಆಧಾರವಿಲ್ಲ. ಹಣ ಕಡಿಮೆಯಿದ್ದರೆ ಮೊದಲು ಕೀಲುಗಳು, ಅನಂತರ ಹೆಚ್ಚು ಕೆಟ್ಟಿರುವ ಆಕ್ಸಲಿನ ಶಾಕ್ ಅಬ್ಸಾರ್ಬರುಗಳು, ಕೊನೆಗೆ ಸದ್ದಿನ ಭಾಗಗಳು ಎಂಬ ಕ್ರಮ ಸರಿಯಾದದ್ದು. ಸದ್ದು ಕಿವಿಗೆ ಕಿರಿಕಿರಿ ಎಂಬ ಕಾರಣಕ್ಕೆ ಮಾಲೀಕರು ಈ ಕ್ರಮವನ್ನು ತಿರುಗುಮುರುಗು ಮಾಡುವುದೇ ಹೆಚ್ಚು.

ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಒಂದೇ ಭಾಗ ಹಲವು ದರ್ಜೆಗಳಲ್ಲಿ ದೊರೆಯುತ್ತದೆ: ಕಾರು ಕಂಪನಿಯ ಮುದ್ರೆಯದು, ಆ ಕಂಪನಿಗೆ ಭಾಗ ಪೂರೈಸುವ ತಯಾರಕರದ್ದು, ಬೇರೆ ತಯಾರಕರದ್ದು, ಹೆಸರನ್ನು ನಕಲು ಮಾಡಿದ್ದು. ಎರಡನೆಯದು ಬಹಳಷ್ಟು ಸಲ ಮೊದಲನೆಯದಕ್ಕಿಂತ ಅಗ್ಗವಾಗಿದ್ದು ಗುಣದಲ್ಲಿ ಸಮನಾಗಿರುತ್ತದೆ. ಹಳೆಯ ಕಾರುಗಳಿಂದ ಕಳಚಿದ ಬಾಗಿಲು, ದೀಪಗಳನ್ನು ಕೊಳ್ಳಬಹುದು. ಕಳಚಿದ ಬಾಲ್ ಜಾಯಿಂಟ್ ಮತ್ತು ಶಾಕ್ ಅಬ್ಸಾರ್ಬರುಗಳನ್ನು ಕೊಳ್ಳಬಾರದು. ರಬ್ಬರಿನ ಬದಲು ಗಟ್ಟಿಯಾದ ಪಾಲಿಯುರಿಥೇನ್ ಬುಷ್‌ಗಳೂ ಸಿಗುತ್ತವೆ. ಅವು ಬಾಳಿಕೆ ಬರುತ್ತವೆ, ಸ್ಟೇರಿಂಗ್ ಚುರುಕಾಗುತ್ತದೆ. ಪ್ರತಿಯಾಗಿ ರಸ್ತೆಯ ಸದ್ದು ಮತ್ತು ಕಂಪನ ಒಡಲಿಗೆ ಹೆಚ್ಚಾಗಿ ಬರುತ್ತವೆ.

ಕಾನೂನು

ಭಾರತದ 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷಗಳ ಕಾಲ ಊರ್ಜಿತವಾಗಿದ್ದು, ಬಳಿಕ ಕಾರನ್ನು ಪರೀಕ್ಷೆಗೊಳಪಡಿಸಿ ಐದೈದು ವರ್ಷಗಳಿಗೆ ನವೀಕರಿಸಬೇಕು. ಅಂದರೆ ಸಸ್ಪೆನ್ಷನ್ ಹೆಚ್ಚಾಗಿ ಸವೆಯುವ ಎಂಟರಿಂದ ಹದಿನೈದನೆಯ ವರ್ಷದ ಅವಧಿಯಲ್ಲಿ ಖಾಸಗಿ ಕಾರಿಗೆ ಕಡ್ಡಾಯವಾದ ಯಾಂತ್ರಿಕ ತಪಾಸಣೆ ಇಲ್ಲ. ಗ್ರೇಟ್ ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷವೂ, ಜರ್ಮನಿಯಲ್ಲಿ ಮೊದಲ ಮೂರು ವರ್ಷಗಳ ನಂತರ ಎರಡು ವರ್ಷಕ್ಕೊಮ್ಮೆಯೂ ತಪಾಸಣೆ ಆಗಲೇಬೇಕು. ಅಲ್ಲಿ ಮುರಿದ ಸ್ಪ್ರಿಂಗ್ ಇರುವ ಕಾರು ತೇರ್ಗಡೆಯಾಗುವುದಿಲ್ಲ. ಇಲ್ಲಿ ಆ ಹೊಣೆ ಮಾಲೀಕರ ಮೇಲೆಯೇ ಇದೆ. ಸರ್ವಿಸಿಗೆ ಬಿಡುವಾಗ ಎಣ್ಣೆಯ ಜೊತೆಗೆ ಕೀಲುಗಳ ಸಡಿಲವನ್ನೂ ನೋಡಿ ಬರೆದುಕೊಡುವಂತೆ ಕೇಳುವ ಹಕ್ಕು ಅವರಿಗಿದೆ, ಕೇಳುವವರು ವಿರಳ.

ಜೋಡಣೆ

ಸ್ಟ್ರಟ್ಟಿನಿಂದ ಸ್ಪ್ರಿಂಗನ್ನು ಬೇರ್ಪಡಿಸುವುದು ಮನೆಯಲ್ಲಿ ಮಾಡುವ ಕೆಲಸವಲ್ಲ. ಒತ್ತಿ ಕಟ್ಟಿದ ಸ್ಪ್ರಿಂಗ್ ಕಂಪ್ರೆಸರಿನಿಂದ ಜಾರಿದರೆ ಪ್ರಾಣಾಪಾಯವಾಗುವಷ್ಟು ಬಲದಿಂದ ಸಿಡಿಯುತ್ತದೆ. ಲೋವರ್ ಆರ್ಮಿನ ಬುಷ್ ಬೋಲ್ಟುಗಳನ್ನು ಕಾರು ಎತ್ತಿದ ಸ್ಥಿತಿಯಲ್ಲಿ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಚಕ್ರ ನೇತಾಡುವ ಭಂಗಿಯಲ್ಲಿ ರಬ್ಬರು ಸಿಕ್ಕಿಕೊಂಡು, ಕಾರು ನೆಲಕ್ಕಿಳಿದ ಕ್ಷಣದಿಂದಲೇ ತಿರುಚಿದ ಸ್ಥಿತಿಯಲ್ಲಿದ್ದು ಬೇಗ ಹರಿಯುತ್ತದೆ. ಹೊಸ ಬುಷ್ ಕೆಲವೇ ತಿಂಗಳಲ್ಲಿ ಹೋಯಿತು ಎಂಬ ದೂರಿನ ಹಿಂದೆ ಭಾಗದ ದೋಷಕ್ಕಿಂತ ಈ ತಪ್ಪೇ ಇರುವ ಸಂಭವ ಹೆಚ್ಚು. ಕಾರಿನ ಭಾರ ಚಕ್ರಗಳ ಮೇಲೆ ಕೂತ ಮೇಲೆಯೇ ಕೈಪಿಡಿಯಲ್ಲಿ ಹೇಳಿದ ಬಲಕ್ಕೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಸ್ಟ್ರಟ್, ಲೋವರ್ ಆರ್ಮ್, ಟೈ ರಾಡ್ ಎಂಡ್ ಇವುಗಳಲ್ಲಿ ಯಾವುದನ್ನು ಬಿಚ್ಚಿದ್ದರೂ ವೀಲ್ ಅಲೈನ್‌ಮೆಂಟ್ ಅಗತ್ಯ. ಹೊಸ ಸ್ಪ್ರಿಂಗ್ ಹಾಕಿದ್ದರೆ ಕೆಲವು ದಿನ ಓಡಿಸಿ, ಅದು ತನ್ನ ಎತ್ತರಕ್ಕೆ ಕೂತ ಬಳಿಕ ಅಲೈನ್‌ಮೆಂಟನ್ನು ಮತ್ತೊಮ್ಮೆ ನೋಡಿಸುತ್ತಾರೆ.